ಯಂತ್ರ ಕೊಳ್ಳುವ ಮುನ್ನ

ದಮ್ಮಾಮ್‌ನಲ್ಲಿರುವ ತಮ್ಮ ರಜೆಗೆ ಬರುವ ಮುನ್ನ ಫೋನ್ ಮಾಡಿದ್ದ. "ಭಾಯಿಜಾನ್, ಅಮ್ಮಿಗೆ ಒಂದು ಕಾಫಿ ಮೆಷಿನ್ ತರುತ್ತೇನೆ. ಗುಂಡಿ ಒತ್ತಿದರೆ ಸಾಕು."

ಮಾತು ತಳ್ಳಿಹಾಕುವಂತಿರಲಿಲ್ಲ. ಅಮ್ಮಿಗೆ ಬೆರಳುಗಳಲ್ಲಿ ಸಂಧಿವಾತ. ಬಿಗಿದುಕೊಂಡ ಫಿಲ್ಟರಿನ ಮೇಲಿನ ಪಾತ್ರೆ ಬಿಡಿಸಲು ಹೋಗಿ ಒಂದು ಬೆಳಿಗ್ಗೆ ಬಿಸಿ ಡಿಕಾಕ್ಷನ್ ಕೈಮೇಲೆ ಚೆಲ್ಲಿಕೊಂಡಿದ್ದರು. ಆದರೂ ನನ್ನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಅದನ್ನು ತೊಳೆಯುವವರು ಯಾರು?" ಹಾಗಾಗಿ ಪೇಟೆಯ ಅಂಗಡಿಗೆ ಹೋಗಿ ನೋಡಿಬಂದೆ.

ಕ್ಯಾಪ್ಸೂಲ್ ಯಂತ್ರ ಬಲು ಸುಲಭ. ಆದರೆ ಒಂದು ಕ್ಯಾಪ್ಸೂಲಿಗೆ ಒಂದೇ ಕಪ್. ಆ ಯಂತ್ರಕ್ಕೆ ಹೊಂದುವ ಕ್ಯಾಪ್ಸೂಲನ್ನೇ ಸದಾ ಕೊಳ್ಳುತ್ತಿರಬೇಕು. ಎಂಟು ಜನರ ಮನೆಗೆ ಇದು ದುಬಾರಿ. ಎಸ್ಪ್ರೆಸೊ ಯಂತ್ರ ಸುಮಾರು 9 ಬಾರ್ ಒತ್ತಡದಲ್ಲಿ ನೀರನ್ನು ನುಣ್ಣನೆಯ ಪುಡಿಯ ಮೂಲಕ ಹಾಯಿಸಿ, ಅರ್ಧ ನಿಮಿಷದಲ್ಲಿ ಗಟ್ಟಿ ಕಾಫಿ ಕೊಡುತ್ತದೆ. ಆದರೆ ಅದರ ಹಿಡಿಯನ್ನು ಪ್ರತಿ ಸಲವೂ ಬಲವಾಗಿ ತಿರುಗಿಸಬೇಕು. ಇಟಲಿಯಲ್ಲಿ 1933ರಲ್ಲಿ ಹುಟ್ಟಿದ ಮೋಕಾ ಪಾತ್ರೆ ಅಗ್ಗ, ಗ್ಯಾಸ್ ಒಲೆಯ ಮೇಲೇ ಇಡಬಹುದು. ಅದನ್ನೂ ತಿರುಗಿಸಿಯೇ ಬಿಗಿಯಬೇಕು. ನೋಯುವ ಬೆರಳಿಗೆ ಎರಡೂ ಆಗದು. ಉಳಿದದ್ದು ಡ್ರಿಪ್ ಯಂತ್ರ. ನೀರು ಕಡಿಮೆ ಹಾಕಿ ಪುಡಿ ಹೆಚ್ಚಿಸಿದರೆ ಹಾಲಿಗೆ ತಕ್ಕ ಡಿಕಾಕ್ಷನ್ ಸಿಗುತ್ತದೆ. ಬಿಗಿಯುವ ಗೊಡವೆಯಿಲ್ಲ, ತೊಳೆಯುವುದೂ ಸುಲಭ.

ತಮ್ಮನಿಗೆ ಇನ್ನೊಂದು ಮಾತನ್ನೂ ಹೇಳಿದೆ. ಹೊರದೇಶದಿಂದ ತರುವ ಯಂತ್ರ ನಮ್ಮ 230 ವೋಲ್ಟ್ ವಿದ್ಯುತ್ತಿಗೆ ಹೊಂದಬೇಕು. ಕೆಟ್ಟರೆ ರಿಪೇರಿ ಮಾಡುವವರೂ ಬಿಡಿಭಾಗಗಳೂ ಇಲ್ಲೇ ಸಿಗಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದ ನಾವು ಅಮ್ಮಿಯನ್ನೇ ಕೇಳಿರಲಿಲ್ಲ! ಕೇಳಿದಾಗ ಅವರು ನಕ್ಕರು. "ಕಾಫಿ ಮಾಡುವುದು ನನಗೆ ಕಷ್ಟವಲ್ಲ ಬೇಟಾ. ಬಿಗಿದ ಫಿಲ್ಟರ್ ಬಿಡಿಸುವುದು ಕಷ್ಟ. ಅಷ್ಟಕ್ಕೆ ಯಾರನ್ನು ಎಬ್ಬಿಸಲಿ ಎಂದು ಸುಮ್ಮನಿದ್ದೆ."

ನನಗೆ ನಾಚಿಕೆಯಾಯಿತು. ನಾವಿರುವುದು ಬಾಬಾ ಬುಡನ್‌ಗಿರಿಯ ತಪ್ಪಲಲ್ಲಿ. 17ನೇ ಶತಮಾನದಲ್ಲಿ ಸೂಫಿ ಸಂತರೊಬ್ಬರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ನೆಟ್ಟರೆಂಬ ಪ್ರತೀತಿಯನ್ನು ಮಕ್ಕಳಿಗೆ ಪಾಠ ಹೇಳುವವನು ನಾನು. ನನ್ನದೇ ಮನೆಯ ಕಾಫಿಯ ಹಿಂದಿನ ನೋವು ನನಗೆ ಗೊತ್ತಿರಲಿಲ್ಲ.

ಈಗ ಇಶಾ ನಮಾಝಿನ ನಂತರ ಫಿಲ್ಟರಿಗೆ ಪುಡಿ ತುಂಬಿ ಬಿಸಿನೀರು ಹಾಕುವುದು ನನ್ನ ಕೆಲಸ. ಬೆಳಿಗ್ಗೆ ಅದನ್ನು ಬಿಡಿಸುವುದು, ಆಮೇಲೆ ತೊಳೆಯುವುದು ಮಗನದು. ಹಾಲು ಬೆರೆಸಿ ಲೋಟಕ್ಕೆ ಸುರಿಯುವ ಅಧಿಕಾರ ಮಾತ್ರ ಅಮ್ಮಿಯದೇ.

ಯಂತ್ರ ಕೊಳ್ಳುವುದು ತಪ್ಪಲ್ಲ. ಕೆಲಸಕ್ಕೆ ಹೋಗುವ ಸೊಸೆಗೋ ಒಂಟಿಯಾಗಿರುವ ವೃದ್ಧರಿಗೋ ಡ್ರಿಪ್ ಯಂತ್ರ ನಿಜಕ್ಕೂ ಉಪಕಾರಿ. ಆದರೆ ದಿನಕ್ಕೆ ಎಷ್ಟು ಕಪ್ ಬೇಕು, ತೊಳೆಯುವವರು ಯಾರು, ಪುಡಿ ಮತ್ತು ಬಿಡಿಭಾಗ ಎಲ್ಲಿ ಸಿಗುತ್ತವೆ ಎಂಬುದನ್ನು ಮೊದಲು ಯೋಚಿಸಿ. ಅದಕ್ಕೂ ಮುಂಚೆ, ನಿಮಗೆ ದಿನವೂ ಕಾಫಿ ಮಾಡಿಕೊಡುವವರನ್ನು ಒಮ್ಮೆ ಕೇಳಿ.