ಹಿಂದಿರುಗುವ ದಾರಿ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಸಾಲಮಾಡಿ ಕೊಡಿಸಿದ ಲ್ಯಾಪ್‌ಟಾಪು ಒಂದೇ ಒಂದು. ಅದರಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಬೇರೆ! ಆವೃತ್ತಿಗಳ ಗೊಡವೆಯಿಲ್ಲದೆ ನಿತ್ಯವೂ ಹೊಸದಾಗುತ್ತ ಸಾಗುವ ಲಿನಕ್ಸೇ ಬೇಕೆಂದಾಗ, 2002ರಲ್ಲಿ ಹುಟ್ಟಿದ ಆರ್ಚನ್ನೇ ಹಿಡಿಯೆಂದರು ಮಿತ್ರರು. ನಾನು ಒಪ್ಪಲಾರೆ. ಎನ್ವಿಡಿಯಾ ಸಂಸ್ಥೆಯ ಡ್ರೈವರು ಕರ್ನಲ್ಲಿಗೆ ಹೊರಗಿನದು. ಕರ್ನಲ್ಲು ಮುಂದೋಡಿ ಅದು ಹಿಂದುಳಿದರೆ ಪರೀಕ್ಷೆಯ ಮುನ್ನಾದಿನವೇ ಪರದೆ ಕಪ್ಪಾದೀತು. ಓಪನ್‌ಸೂಸೆ ಟಂಬಲ್‌ವೀಡಿನಲ್ಲಿಯೂ ಈ ಭಯ ತಪ್ಪಿದ್ದಲ್ಲ. ಅಲ್ಲಿಯೂ ಆ ಡ್ರೈವರಿನ ಬಹುಭಾಗ ಬೇರೆ ಭಂಡಾರದಿಂದಲೇ ಬರಬೇಕು. ಆದರೆ ಪ್ರತಿ ನವೀಕರಣಕ್ಕೂ ಮುನ್ನ ಸ್ನ್ಯಾಪರ್ ವ್ಯವಸ್ಥೆಯ ಪಡಿಯಚ್ಚೊಂದನ್ನು ತೆಗೆದಿಟ್ಟಿರುತ್ತದೆ. ಕೆಟ್ಟರೆ ಬೂಟ್ ಪಟ್ಟಿಯಲ್ಲಿ ನಿನ್ನೆಯದನ್ನು ಆರಿಸಿ ಒಳಹೊಕ್ಕರಾಯಿತು. ನಮ್ಮ ಟಿಪ್ಪಣಿಗಳಿರುವ ಹೋಮ್ ವಿಭಾಗವನ್ನು ಅದು ಮುಟ್ಟುವುದಿಲ್ಲ. ಆರ್ಚ್‌ನಲ್ಲಿಯೂ ಇದು ಸಾಧ್ಯವೇ, ಆದರೆ ಎಲ್ಲವನ್ನೂ ನಾವೇ ಕಟ್ಟಿಕೊಳ್ಳಬೇಕು. ಬಿಡುವುಳ್ಳವರು ಕಟ್ಟಿಕೊಳ್ಳಲಿ, ನನಗೋ ಅಂತಿಮ ಪರೀಕ್ಷೆ ಬಾಗಿಲಲ್ಲಿ ನಿಂತಿದೆ.