ನೋವು ಕಳೆಯುವ ಪುಡಿ, ಕಾವಲು ಕಳೆಯುವ ಪುಡಿ

ಮಧುಗಿರಿಯ ನನ್ನ ಸೋದರತ್ತೆ 2006ರಲ್ಲಿ ಚಿಕೂನ್‌ಗುನ್ಯಾಕ್ಕೆ ತುತ್ತಾದರು. ಜ್ವರ ವಾರದೊಳಗೆ ಇಳಿಯಿತಾದರೂ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಯಾರೋ ಸಂತೆಯಿಂದ ತಂದುಕೊಟ್ಟ, ಹೆಸರು ವಿಳಾಸವಿಲ್ಲದ ಪುಡಿಯ ಪೊಟ್ಟಣ ಮೂರೇ ದಿನಗಳಲ್ಲಿ ಅವರನ್ನು ಎದ್ದು ಓಡಾಡಿಸಿತು. ವರ್ಷ ತುಂಬುವಷ್ಟರಲ್ಲಿ ಅವರ ಮುಖ ಊದಿತ್ತು, ಸಕ್ಕರೆ ಏರಿತ್ತು, ಕಾಲಿನ ಸಣ್ಣ ಗಾಯವೊಂದು ಮಾಯದೆ ಆಸ್ಪತ್ರೆ ಸೇರಬೇಕಾಯಿತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ವೈದ್ಯರು ಶಂಕಿಸಿದರು.

ಆ ವರ್ಷ ಕರ್ನಾಟಕದಲ್ಲಿ ವರದಿಯಾದ ಚಿಕೂನ್‌ಗುನ್ಯಾ ಶಂಕಿತ ಪ್ರಕರಣಗಳು ಸುಮಾರು 7.5 ಲಕ್ಷ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಕೀಲುನೋವಿಗೆ ಅದೊಂದೇ ಕಾರಣವೂ ಅಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಪಾವಗಡದ ಕೊಳವೆಬಾವಿಗಳು ಆ ಮಿತಿಯನ್ನು ಮೀರಿ ಜನರ ಹಲ್ಲು, ಮೂಳೆಗಳನ್ನು ಕೆಡಿಸಿದ ಕಥೆ ಹಳೆಯದು. ನೋವಿದ್ದಲ್ಲಿ ಪುಡಿಗೆ ಗಿರಾಕಿಗಳ ಕೊರತೆಯಿಲ್ಲ.

ಸಂತೆಯ ಪುಡಿಯನ್ನು ನಂಬಿದವರನ್ನು ಕಂಡು ಮರುಗುವ ನಾವು, ನಗರದ ವಿದ್ಯಾವಂತರು, ಮಾಡುತ್ತಿರುವುದಾದರೂ ಏನು? ಉರಿಯೂತ ತಗ್ಗಿಸುತ್ತದೆಂಬ ಅರಿಸಿನದ ಸಾರದ ಕ್ಯಾಪ್ಸೂಲನ್ನು ಯಾರನ್ನೂ ಕೇಳದೆ ವರ್ಷಗಟ್ಟಲೆ ನುಂಗುತ್ತೇವೆ. ಅದೇ ಸೀಸೆಯ ಮೇಲೆ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂಬ ಮಾತೂ ಇರುತ್ತದೆ. ಈ ಎರಡು ಭರವಸೆಗಳು ಹೇಗೆ ಒಟ್ಟಿಗೆ ನಿಲ್ಲುತ್ತವೆಂದು ನಾವು ಕೇಳುವುದೇ ಇಲ್ಲ.

ಉರಿಯೂತವೆಂಬುದು ಶತ್ರುವಲ್ಲ. ಗಾಯವಾದಾಗ, ರೋಗಾಣು ಹೊಕ್ಕಾಗ ರಕ್ತದ ಬಿಳಿಕಣಗಳನ್ನು ಅಲ್ಲಿಗೆ ಕರೆತರುವ ವ್ಯವಸ್ಥೆ ಅದು. ಕೆಂಪು, ಬಿಸಿ, ಊತ, ನೋವು ಅದರ ಲಕ್ಷಣಗಳು. ಅದು ಮಿತಿಮೀರಿದರೆ ಅಪಾಯ, ಅಕಾಲದಲ್ಲಿ ಅಡಗಿಸಿದರೂ ಅಪಾಯ. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ಇದನ್ನೇ ತೋರಿಸಿತು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಆಮ್ಲಜನಕದ ನೆರವು ಬೇಕಾದ ಕೋವಿಡ್ ರೋಗಿಗಳ ಜೀವ ಉಳಿಸಿತು. ಆ ನೆರವು ಬೇಡದವರಿಗೆ ಪ್ರಯೋಜನವಾಗಲಿಲ್ಲ. 2021ರಲ್ಲಿ ನಮ್ಮಲ್ಲಿ ಕಪ್ಪು ಶಿಲೀಂಧ್ರ ಹರಡಲು ಹತೋಟಿ ತಪ್ಪಿದ ಮಧುಮೇಹದೊಂದಿಗೆ ಸ್ಟೀರಾಯ್ಡಿನ ವಿವೇಚನೆಯಿಲ್ಲದ ಬಳಕೆಯೂ ಕಾರಣವಾಯಿತು.

ಅರಿಸಿನವೂ ಸ್ಟೀರಾಯ್ಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅರಿಸಿನದ ಕ್ಯಾಪ್ಸೂಲು ಮನುಷ್ಯರ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆಂಬುದು ರುಜುವಾತಾಗಿಲ್ಲ, ಹೆಚ್ಚಿಸುತ್ತದೆಂಬುದೂ ಆಗಿಲ್ಲ. ಆದರೆ ಸಾರಿಗೆ ಹಾಕುವ ಚಿಟಿಕೆ ಅರಿಸಿನ ಬೇರೆ, ಅದರ ಸಾಂದ್ರಸಾರ ಬೇರೆ. ಕರಿಮೆಣಸಿನ ಪೈಪರೀನ್ ಜೊತೆ ಕೊಟ್ಟರೆ ಅರಿಸಿನದ ಕರ್ಕ್ಯುಮಿನ್ ಹಲವು ಪಟ್ಟು ಹೆಚ್ಚಾಗಿ ರಕ್ತ ಸೇರುತ್ತದೆಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೇ. ಇಂತಹ ಪೂರಕಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡು 2019ರಲ್ಲಿ ಇಟಲಿ ಎಚ್ಚರಿಕೆ ನೀಡಿತು. ಉರಿಯೂತ ತಗ್ಗಿಸಲೆಂದು ನುಂಗಿದ್ದೇ ಉರಿಯೂತ ತಂದದ್ದು ವಿಪರ್ಯಾಸವಲ್ಲದೆ ಮತ್ತೇನು?

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಸಂತೆಗಳಲ್ಲಿ ಮಾರುವ ನೋವಿನ ಪುಡಿಗಳ ಮಾದರಿಯನ್ನು ಔಷಧ ನಿಯಂತ್ರಣ ಇಲಾಖೆ ನಿಯತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ವೈದ್ಯರನ್ನು ಕಾಣುವಾಗ ನಾವು ಪುಡಿ, ಕ್ಯಾಪ್ಸೂಲುಗಳನ್ನೂ ಮುಚ್ಚಿಡದೆ ಹೇಳಬೇಕು. ಸ್ಟೀರಾಯ್ಡಿನ ಅನುಮಾನವಿದ್ದರೆ ಅಂಥ ಪುಡಿಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಬೇಕು. ಇವೆಲ್ಲಕ್ಕೂ ಮೊದಲು ಪಾವಗಡದ ಹಳ್ಳಿಗಳಿಗೆ ಶುದ್ಧ ನೀರು ತಪ್ಪದೆ ತಲುಪಬೇಕು. ನೋವಿನ ಮೂಲವನ್ನು ಹಾಗೆಯೇ ಬಿಟ್ಟು ಪುಡಿ ನಂಬಬೇಡಿ ಎಂದು ಬೋಧಿಸುವ ಹಕ್ಕು ಯಾರಿಗೂ ಇಲ್ಲ.

ಸೋದರತ್ತೆಯ ಗಾಯ ಕೊನೆಗೂ ಮಾಯಿತು. ಕೀಲುನೋವು ಮಾತ್ರ ಪೂರ್ತಿ ಹೋಗಲಿಲ್ಲ.