ಎಕರೆಯ ಲೆಕ್ಕ ಆಯಿತು, ಧ್ಯೇಯದ ಲೆಕ್ಕ ಎಲ್ಲಿ?

ರಕ್ಷಕರ ಸಭೆ ಮುಗಿದು ಹೊರಡುವಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳ ತಂದೆ ಕೇಳಿದರು: "ಮಾಷ್ಟ್ರೇ, ಇನ್ನು ನಮ್ಮಲ್ಲಿಯ ಕಾಲೇಜುಗಳೂ ಯುನಿವರ್ಸಿಟಿ ಆಗ್ತವಂತೆ, ನಾಲ್ಕಾರು ಊರಲ್ಲಿ ಕ್ಯಾಂಪಸ್ ಮಾಡ್ತಾರಂತೆ. ನಮ್ಮ ಮಕ್ಕಳಿಗೆ ಇದರಿಂದ ಏನಾದರೂ ಉಂಟಾ?" ಆಗ ಸರಿಯಾದ ಉತ್ತರ ಹೇಳಲಾಗಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುತ್ತಾ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಹೇಳಿದ್ದು ಗಾಳಿಮಾತಲ್ಲ. ಸಂಯೋಜಿತ ಕಾಲೇಜು ಎಂಬ ವ್ಯವಸ್ಥೆಯೇ 15 ವರ್ಷಗಳಲ್ಲಿ ಹಂತಹಂತವಾಗಿ ಮುಗಿಯಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಕೇರಳ ವಿಧಾನಸಭೆ 2025ರ ಮಾರ್ಚ್‌ನಲ್ಲಿ ಖಾಸಗಿ ವಿಶ್ವವಿದ್ಯಾಲಯಗಳ ಮಸೂದೆಯನ್ನು ಅಂಗೀಕರಿಸಿತು. ಅದರ ಪ್ರಕಾರ 25 ಕೋಟಿ ರೂಪಾಯಿ ಮೂಲನಿಧಿ ಇಡಬೇಕು. ಹಲವು ಕ್ಯಾಂಪಸ್‌ಗಳಿದ್ದರೆ ಕೇಂದ್ರಸ್ಥಾನದಲ್ಲಿ ಕನಿಷ್ಠ 10 ಎಕರೆ ಜಾಗ ಬೇಕು. 40 ಶೇಕಡಾ ಸೀಟು ಕೇರಳದವರಿಗೆ.

ಹಣ, ಜಾಗ, ಸೀಟು ಎಲ್ಲವನ್ನೂ ಎಣಿಸಬಹುದು, ಅಳೆಯಬಹುದು. ಆದರೆ ಈ ವಿಶ್ವವಿದ್ಯಾಲಯ ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂಬುದನ್ನು ಅಳೆಯುವ ಕೋಲು ಯಾವ ಕಚೇರಿಯಲ್ಲಿಯೂ ಇಲ್ಲ. ಅದನ್ನು ಕಟ್ಟುವವರೇ ಮೊದಲು ಹೇಳಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದಾಗ ಸಂಶೋಧನೆಯೇ ತನ್ನ ಮುಖ್ಯ ಕೆಲಸ ಎಂದು ಹೇಳಿಕೊಂಡಿತು. ಹೀಗೆ ಹೇಳಿಕೊಂಡಿದ್ದರೆ, ಮುಂದೆ ದಾರಿ ತಪ್ಪಿದಾಗ ಕೇಳಲಿಕ್ಕೆ ನಮಗೊಂದು ಆಧಾರವಾದರೂ ಇರುತ್ತದೆ.

ಹಲವು ಕ್ಯಾಂಪಸ್ಸಿನ ವಿಶ್ವವಿದ್ಯಾಲಯ ನಮಗೆ ಹೊಸತಲ್ಲ. 1995ರ ನವೆಂಬರಿನಲ್ಲಿ ಮಲಬಾರ್ ವಿಶ್ವವಿದ್ಯಾಲಯ ಎಂಬ ಹೆಸರಿನಲ್ಲಿ ಸುಗ್ರೀವಾಜ್ಞೆಯಿಂದ ಹುಟ್ಟಿ, 1996ರ ಕಾಯಿದೆಯಿಂದ ಕಣ್ಣೂರು ವಿಶ್ವವಿದ್ಯಾಲಯವಾದದ್ದು ಇಂಥದ್ದೇ. ಕಾಸರಗೋಡು, ಕಣ್ಣೂರು ಜಿಲ್ಲೆಗಳು ಮತ್ತು ವಯನಾಡಿನ ಮಾನಂತವಾಡಿ ತಾಲೂಕಿನ ಉನ್ನತ ಶಿಕ್ಷಣದ ಅಭಿವೃದ್ಧಿ ಅದರ ಉದ್ದೇಶ. ಎಲ್ಲವನ್ನೂ ಒಂದೇ ಊರಿನಲ್ಲಿ ರಾಶಿ ಹಾಕದೆ ಊರೂರಿಗೆ ಹಂಚಿದರು. ಮಾನಂತವಾಡಿ ಕ್ಯಾಂಪಸ್ಸಿನಲ್ಲಿ ಗ್ರಾಮೀಣ ಮತ್ತು ಬುಡಕಟ್ಟು ಸಮಾಜಶಾಸ್ತ್ರದ ವಿಭಾಗ ತೆರೆದರು. ಕೇರಳದಲ್ಲಿ ಬುಡಕಟ್ಟು ಜನ ಅತಿ ಹೆಚ್ಚು ಇರುವ ಜಿಲ್ಲೆ ವಯನಾಡು. ಅಲ್ಲಿ ಆ ವಿಷಯವನ್ನೇ ಇಟ್ಟದ್ದು ಸರಿಯಾದ ಯೋಚನೆ. ಊರನ್ನು ನೋಡಿ ಕ್ಯಾಂಪಸ್ಸಿಗೆ ಕೆಲಸ ಕೊಡುವುದೆಂದರೆ ಇದು.

ಅದೇ ನ್ಯಾಯವನ್ನು ಕಾಸರಗೋಡಿಗೆ ಅನ್ವಯಿಸಿ ನೋಡಿ. ಇಲ್ಲಿಯೂ ಆ ವಿಶ್ವವಿದ್ಯಾಲಯದ ಅಧ್ಯಾಪಕ ಶಿಕ್ಷಣ ಕೇಂದ್ರ ಇದೆ. ನಮ್ಮ ಕನ್ನಡ ಮಾಧ್ಯಮ ಹೈಸ್ಕೂಲುಗಳಿಗೆ ಬೇಕಾದದ್ದು ಏನು? ಗಣಿತವನ್ನೂ ಭೌತಶಾಸ್ತ್ರವನ್ನೂ ಕನ್ನಡದಲ್ಲಿ ಕಲಿಸಬಲ್ಲ ಅಧ್ಯಾಪಕರು. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ಗಣಿತ ತರಗತಿಗೆ ಬಂದು, ಮಕ್ಕಳು ಪಾಠ ಅರ್ಥವಾಗದೆ ಕೂತದ್ದನ್ನು, ರಕ್ಷಕರು ಗೇಟಿನ ಮುಂದೆ ನಿಂತು ಪ್ರತಿಭಟಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಅಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಕಷ್ಟಪಟ್ಟು ಓದಿ ಕೆಲಸಕ್ಕೆ ಬಂದವರೇ. ನನ್ನ ಪ್ರಶ್ನೆ ಬೇರೆ. ಕನ್ನಡದಲ್ಲಿ ಗಣಿತ ಕಲಿಸುವವರನ್ನು ತಯಾರು ಮಾಡುವುದು ಯಾರ ಕೆಲಸ? ಅದು ತನ್ನ ಕೆಲಸ ಎಂದು ಒಂದು ವಿಶ್ವವಿದ್ಯಾಲಯ ಬರೆದುಕೊಳ್ಳುವವರೆಗೆ ನಾವು ಗೇಟಿನ ಮುಂದೆ ನಿಲ್ಲುತ್ತಲೇ ಇರಬೇಕಾಗುತ್ತದೆ.

"ಕನ್ನಡದ ಮಕ್ಕಳು ಕಡಿಮೆ, ಅಷ್ಟು ಮಂದಿಗಾಗಿ ಪ್ರತ್ಯೇಕ ವ್ಯವಸ್ಥೆ ಆಗುವುದಿಲ್ಲ" ಎಂಬ ಉತ್ತರ ಬರುತ್ತದೆ. ಒಂಟಿ ಕಾಲೇಜು ಹಾಗೆ ಹೇಳಿದರೆ ಒಪ್ಪಬಹುದು. ಐದಾರು ಕ್ಯಾಂಪಸ್ ಇರುವ ವಿಶ್ವವಿದ್ಯಾಲಯ ಹೇಳಿದರೆ ಒಪ್ಪಲಾಗದು. ಒಂದೊಂದು ಕಾಲೇಜಿಗೆ ಹೊರಲಾಗದ್ದನ್ನು ಒಂದು ಕ್ಯಾಂಪಸ್ಸಿಗೆ ವಹಿಸಿ, ಎಲ್ಲ ಕಡೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಳ್ಳಬಹುದಲ್ಲ? ಹಲವು ಕ್ಯಾಂಪಸ್ ಇರುವುದರ ಪ್ರಯೋಜನವೇ ಅದು. ಇಲ್ಲವಾದರೆ ಒಂದೇ ಅಂಗಡಿಗೆ ಐದು ಬೋರ್ಡು ಹಾಕಿದ ಹಾಗೆ.

ಇನ್ನು ಗುರುತಿನ ಮಾತು. ಕಾಸರಗೋಡಿನ ಸರಕಾರಿ ಕಾಲೇಜು ಶುರುವಾದದ್ದು 1957ರಲ್ಲಿ, ರಾಜ್ಯ ಪುನರ್ವಿಂಗಡಣೆಯ ಮರುವರ್ಷ. 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ ಬಂದಾಗ ಅದರಡಿಗೆ ಹೋಯಿತು, ಆಮೇಲೆ ಕಣ್ಣೂರಿನಡಿಗೆ ಬಂತು. ಮಕ್ಕಳ ಸರ್ಟಿಫಿಕೇಟಿನ ಮೇಲಿನ ಹೆಸರು ಬದಲಾಯಿತು, ಕನ್ನಡ ವಿಭಾಗ ಮಾತ್ರ ಉಳಿಯಿತು. ಯಾಕೆಂದರೆ ಅಲ್ಲಿ ಕನ್ನಡದ ಹುದ್ದೆಗಳಿದ್ದವು, ಕಲಿಯಲು ಬರುವ ಮಕ್ಕಳಿದ್ದರು. ಗುರುತು ಉಳಿಯುವುದು ಹುದ್ದೆ, ಪಠ್ಯ, ಪ್ರಶ್ನೆಪತ್ರಿಕೆಗಳಲ್ಲಿ. ಲಾಂಛನದಲ್ಲಿ ಒಂದು ಯಕ್ಷಗಾನದ ಕಿರೀಟ ಬರೆದರೆ ಉಳಿಯುವುದಿಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. ನಾವು ಮನವಿ ಕೊಡುವುದು ಕಟ್ಟಡಕ್ಕೆ, ಬಸ್ಸಿಗೆ, ಹೆಸರಿಗೆ. ಧ್ಯೇಯದ ಬಗ್ಗೆ ಮನವಿ ಕೊಟ್ಟದ್ದು ನನಗೆ ನೆನಪಿಲ್ಲ. ಪ್ಲಸ್ ಟು ಮುಗಿದ ಕೂಡಲೇ ಮಕ್ಕಳನ್ನು ತಲಪಾಡಿ ದಾಟಿಸಿ ಮಂಗಳೂರಿಗೆ ಕಳುಹಿಸುತ್ತೇವೆ, ಮತ್ತೆ ಇಲ್ಲಿ ಕನ್ನಡ ವಿಭಾಗಕ್ಕೆ ಮಕ್ಕಳಿಲ್ಲ ಎಂದು ಬೇಸರ ಪಡುತ್ತೇವೆ.

ಹಾಗಾಗಿ, ನಮ್ಮ ಕಡೆಯ ಯಾವುದೇ ಕಾಲೇಜು ವಿಶ್ವವಿದ್ಯಾಲಯವಾಗಲು ಹೊರಟರೆ ಶಿಕ್ಷಕರು, ರಕ್ಷಕರು, ಹಳೆ ವಿದ್ಯಾರ್ಥಿಗಳು ಸೇರಿ ಮೂರು ಮಾತು ಕೇಳೋಣ. ಈ ಊರಿನ ಕ್ಯಾಂಪಸ್ಸಿಗೆ ಈ ಊರಿಗೇ ಬೇಕಾದ ಯಾವ ಕೆಲಸ ಕೊಟ್ಟಿದ್ದೀರಿ? ಕನ್ನಡ ಮಾಧ್ಯಮದಿಂದ ಬಂದ ಮಗು ಮೊದಲ ವರ್ಷ ತರಗತಿಯಲ್ಲಿ ಮೂಕವಾಗದಂತೆ ಏನು ಮಾಡುತ್ತೀರಿ? ನಮ್ಮ ಶಾಲೆಗಳಿಗೆ ಅಧ್ಯಾಪಕರನ್ನು ತಯಾರು ಮಾಡುವ ಹೊಣೆಯನ್ನು ಬರವಣಿಗೆಯಲ್ಲಿ ಒಪ್ಪುತ್ತೀರಾ? ಮೊದಲ ಕಲ್ಲು ಹಾಕುವ ಮೊದಲೇ ಕೇಳಬೇಕು. ಉದ್ಘಾಟನೆಯ ದಿನ ಕೇಳಿದರೆ ಶಾಲು ಹೊದಿಸಿ ಕಳುಹಿಸುತ್ತಾರೆ.

ಆ ತಂದೆಗೆ ನನ್ನ ಉತ್ತರ ಇಷ್ಟೇ: ಉಂಟು, ನಾವು ಕೇಳಿದರೆ ಮಾತ್ರ. ನಿಮ್ಮ ಮಗಳು ಮುಂದೆ ಇದೇ ಶಾಲೆಗೆ ಗಣಿತದ ಟೀಚರಾಗಿ ಬಂದು ಕನ್ನಡದಲ್ಲೇ ಪಾಠ ಮಾಡುವಂತಾದರೆ, ಆ ವಿಶ್ವವಿದ್ಯಾಲಯ ನಮ್ಮದು ಎಂದು ನಾನೂ ಹೇಳುತ್ತೇನೆ. ನಿಮ್ಮೆಲ್ಲರ ಅಭಿಪ್ರಾಯ ಏನು?